ಹದಿನಾರನೆಯ ಸರದಿ

ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಸುತ್ತಲಿನ ಹಳ್ಳಿಗಳವರು ದಾವೆಯ ಅರ್ಜಿ ಬರೆಸಿಕೊಳ್ಳಲು ನನ್ನಲ್ಲಿಗೆ ಬರುತ್ತಾರೆ. ಕೊಳಾಲದಿಂದ ಬರುತ್ತಾರೆ, ಒಮ್ಮೊಮ್ಮೆ ಶಿರಾ ಕಡೆಯ ಗೌಡಗೆರೆಯಿಂದಲೂ ಬರುತ್ತಾರೆ. ಕಾಗದ ಬಿಚ್ಚುವ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ: ಎದುರು ಪಕ್ಷದವರ ಮನೆಗೆ ಹೋಗಿ ಮಾತನಾಡಿದಿರಾ? ಹೌದು ಎಂದವರನ್ನು ನಾನು ಕೂಡಲೇ ನಂಬುವುದಿಲ್ಲ. ಅದೇ ಪ್ರಶ್ನೆಗೆ ಒಮ್ಮೆ ನಾನೂ ಹೌದು ಎಂದು ಸುಳ್ಳು ಹೇಳಿದ್ದೆ. ಆ ಸುಳ್ಳಿನ ಫಲವಾಗಿ ಒಂಬತ್ತು ವರ್ಷ ನನ್ನ ಅಕ್ಕ ನನ್ನೊಡನೆ ಮಾತನಾಡಲಿಲ್ಲ. ಅಕ್ಕ ತೀರಿಕೊಂಡು ಈಗ ನಾಲ್ಕು ವರ್ಷ.

ನಮ್ಮ ಊರು ಅತ್ತಿಗುಂಟೆ. ಕೊರಟಗೆರೆಯಿಂದ ಮಧುಗಿರಿಯ ದಿಕ್ಕಿಗೆ ಎರಡು ಗಂಟೆಯ ನಡಿಗೆ. ಊರಿನ ಪಡುವಲಿಗೆ, ಮರಳು ನೆಲದಲ್ಲಿ, ಒಂದು ತಲಪರಿಗೆ ಇದೆ. ತಲಪರಿಗೆ ಎಂದರೆ ಬಾವಿಯಲ್ಲ, ಕೆರೆಯೂ ಅಲ್ಲ. ಆಳೆತ್ತರ ತೋಡಿದ ಗುಂಡಿಯ ತಳದಲ್ಲಿ ನೀರು ತಾನಾಗಿ ಒಸರಿ, ಎತ್ತುವ ಶ್ರಮವಿಲ್ಲದೆ ಕಾಲುವೆಗೆ ಹರಿಯುವ ಊಟೆ. ಅದು ಬತ್ತಿದ್ದನ್ನು ನಮ್ಮ ಹಿರಿಯರು ಕಂಡಿರಲಿಲ್ಲ. ಆದರೆ ವರ್ಷಕ್ಕೊಮ್ಮೆ, ಯುಗಾದಿಗೆ ಮುಂಚೆ, ಹೂಳು ತೆಗೆಯಲೇಬೇಕು. ನೀರಿನ ಹಕ್ಕುಳ್ಳ ಪ್ರತಿ ಮನೆಯೂ ಆ ಕೆಲಸಕ್ಕೆ ಇಬ್ಬರನ್ನು ಕೊಡಬೇಕು. ಒಬ್ಬ ಅಗೆಯುವುದಕ್ಕೆ, ಒಬ್ಬರು ಹೂಳು ತುಂಬಿದ ಬುಟ್ಟಿ, ಅಂದರೆ ಮಂಕರಿ, ಸಾಗಿಸುವುದಕ್ಕೆ. ಕೊಡದ ಮನೆಗೆ ಆ ವರ್ಷ ನೀರಿಲ್ಲ.

ನೀರನ್ನು ಹಗಲು ಮತ್ತು ಇರುಳೆಂದು ಹಂಚಿದ್ದರು. ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಒಂದು ಸರದಿ. ಮುಳುಗಿದಾಗಿನಿಂದ ಹುಟ್ಟುವವರೆಗೆ ಇನ್ನೊಂದು. ಆರು ಮನೆಗಳಿಗೆ ಎರಡೆರಡು ಸರದಿ, ನಮ್ಮ ಮನೆಗೆ ಮೂರು. ಒಟ್ಟು ಹದಿನೈದು. ಏಳೂವರೆ ದಿನಕ್ಕೆ ಒಂದು ಸುತ್ತು ಮುಗಿಯುತ್ತಿತ್ತು. ಆ ಅರ್ಧ ದಿನ ನನಗೆ ಬಾಲ್ಯದಿಂದಲೂ ಹಿಡಿಸುತ್ತಿರಲಿಲ್ಲ. ಕೊರಟಗೆರೆಯ ಶಾಲೆಯಲ್ಲಿ ನಾನು ಅಂಕಗಣಿತ ಕಲಿಸುತ್ತಿದ್ದೆ. ಪೂರ್ಣಾಂಕದಲ್ಲಿ ಮುಗಿಯದ ಲೆಕ್ಕವನ್ನು ಹಳ್ಳಿಯವರ ಅಜ್ಞಾನವೆಂದೇ ತಿಳಿದಿದ್ದೆ.

ಅಕ್ಕನ ಹೆಸರು ಚಿಕ್ಕಕ್ಕ; ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ನಮ್ಮ ತಾಯಿ ಬೇಗನೆ ಹೋದದ್ದರಿಂದ ನನ್ನನ್ನು ಎತ್ತಿ ಬೆಳೆಸಿದವಳು ಅವಳೇ. ಅವಳನ್ನು ಹೊರಗೆ ಕೊಡಲು ಮನಸ್ಸಿಲ್ಲದೆ ತಂದೆ ಪಾವಗಡದ ಕಡೆಯಿಂದ ಪೆದ್ದಣ್ಣನನ್ನು ಮನೆಯಳಿಯನಾಗಿ ತಂದರು. ಅವನು ಕೆಲಸಗಾರ, ಬಾಯಾಳಿ; ಅವನ ಮಾತಿನಲ್ಲಿ ಅರ್ಧ ತೆಲುಗು. ೧೯೧೮ರ ಇನ್‌ಫ್ಲುಯೆಂಜಾದಲ್ಲಿ ತಂದೆ ಮಲಗಿದಾಗ ನನ್ನ ಕೈ ಹಿಡಿದು, ಕಾಲುವೆಯ ತುದಿಯ ಹೊಲ ಚಿಕ್ಕಕ್ಕನಿಗೆ, ಅದರ ಜೊತೆಗೆ ನಮ್ಮದರಲ್ಲಿ ಒಂದು ಸರದಿ ನೀರು ಎಂದರು. ನಾನು ಆಗಲಿ ಎಂದೆ. ಮೂರನೆಯ ದಿನ ಅವರು ಹೋದರು.

ನಮ್ಮ ಮೂರು ಸರದಿಗಳಲ್ಲಿ ಒಂದನ್ನು ತೆಗೆದು ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಬೇರೆ ದಾರಿ ಹುಡುಕಿದೆ. ಯಾರ ಸರದಿಯನ್ನೂ ಕಡಿಯದೆ ಹದಿನಾರನೆಯದನ್ನು ಸೇರಿಸುವುದು. ಸುತ್ತು ಏಳೂವರೆ ದಿನದ ಬದಲು ಎಂಟು ದಿನವಾಗುವುದು. ಎಲ್ಲರೂ ಅರ್ಧ ದಿನ ಹೆಚ್ಚು ಕಾಯುವುದು. ಊರಿನವರು ಒಪ್ಪಿದರು. ಎಂಟು ದಿನ ನೆನಪಿಡಲು ಸುಲಭ ಎಂದು ಮುದ್ದಣ್ಣ ಹೊಗಳಿದ. ಅವನು ಆರು ಮನೆಗಳಲ್ಲಿ ಹಿರಿಯ. ಮುಂದಿನ ಯುಗಾದಿಯಂದು ಚಾವಡಿಯ ಗೋಡೆಯ ಮೇಲೆ ಸುಣ್ಣದಲ್ಲಿ ಹದಿನಾರು ಚೌಕದ ಕೋಷ್ಟಕ ಬರೆದೆ. ನನ್ನದೂ ಕರಗಲಿಲ್ಲ, ಅಕ್ಕನಿಗೂ ಸಿಕ್ಕಿತು ಎಂದು ಆ ದಿನ ಊಟ ಚೆನ್ನಾಗಿ ಸೇರಿತು.

ಮೂರು ಬೆಳೆ ಹೀಗೆ ಹೋದವು. ಅಕ್ಕನ ಹೊಲದ ಕೊನೆಯ ಸಾಲುಗಳು ಮೂರು ಸಲವೂ ಒಣಗಿದವು. ನಾನು ಶನಿವಾರ ಊರಿಗೆ ಬಂದು ಸೋಮವಾರ ಬೆಳಗಿನ ಜಾವ ಶಾಲೆಗೆ ನಡೆಯುವವನು. ಹೊಲವನ್ನು ನಮ್ಮ ಆಳು ನೋಡುತ್ತಿದ್ದ. ಒಂದು ಭಾನುವಾರ ಪೆದ್ದಣ್ಣ ಚಾವಡಿಯಲ್ಲಿ, ಹತ್ತು ಜನರ ನಡುವೆ, ನನ್ನ ಕೋಷ್ಟಕದ ಕಡೆ ಕೈ ತೋರಿಸಿದ.

"ನೀರು ನಿಮ್ ಗ್ವಾಡೆ ಮೇಲೈತೆ ಮೇಷ್ಟ್ರೇ, ಕಾಲುವೇಲಿ ಲೇದು," ಎಂದ.

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹದಿನಾರು ಚೌಕಗಳನ್ನೂ ಒಂದೊಂದಾಗಿ ಓದಿ, ಎಲ್ಲ ಸರದಿಗಳೂ ಸಮ, ಇದರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ ಎಂದು ತೋರಿಸಿದೆ. ಅವನು ತಲೆ ಕೆರೆದುಕೊಂಡು, ಸಮ ಇದ್ರೆ ನನ್ ಪೈರು ಯಾಕ್ ಮಲಗ್ತದೆ ಎಂದಷ್ಟೇ ಕೇಳಿದ. ಅದು ಉತ್ತರ ಬೇಡಿದ ಪ್ರಶ್ನೆ. ನಾನು ಅದನ್ನು ಆರೋಪವೆಂದು ತಿಳಿದೆ.

ಮುಂದಿನ ಸುತ್ತಿನಲ್ಲಿ ಅವನು ಸೂರ್ಯ ಹುಟ್ಟುವ ಮೊದಲೇ, ನಮ್ಮ ಇರುಳ ಸರದಿ ಇನ್ನೂ ಮುಗಿಯದಿದ್ದಾಗ, ಕಾಲುವೆಗೆ ಅಡ್ಡ ಕಟ್ಟಿದ ಮಣ್ಣಿನ ಮಡೆ ಒಡೆದು ನೀರನ್ನು ತನ್ನ ಕಡೆಗೆ ತಿರುಗಿಸಿಕೊಂಡ. ನಮ್ಮ ಆಳು ಬಂದು ಹೇಳಿದ. ಅಕ್ಕನ ಮನೆಗೂ ನಮ್ಮ ಮನೆಗೂ ನಡುವೆ ಒಂದು ಹುಣಸೆ ಮರ ಮಾತ್ರ. ನಾನು ಆ ಮರವನ್ನು ದಾಟಲಿಲ್ಲ. ಆಗ ಮದ್ದಗಿರಿ ಎನ್ನುತ್ತಿದ್ದ ಮಧುಗಿರಿಗೆ ಹೋಗಿ ವಕೀಲ ಶಂಕರಲಿಂಗಪ್ಪನವರ ಮುಂದೆ ಕುಳಿತೆ.

ಅವರು ಕಾಗದ ಮುಟ್ಟದೆ ಮೊದಲು ಕೇಳಿದರು: "ಒಡಹುಟ್ಟಿದೋಳ ಮೇಲೆ ದಾವಾ. ಮನೆಗೆ ಹೋಗಿ ಮಾತಾಡಿದ್ರಾ?"

"ಮಾತಾಡಿ ಆಯ್ತು," ಎಂದೆ.

ಹೊಲ ಅಕ್ಕನ ಹೆಸರಿನಲ್ಲಿದ್ದುದರಿಂದ ನೋಟೀಸು ಅವಳ ಹೆಸರಿಗೇ ಹೋಯಿತು. ಕೋರ್ಟಿನ ಅಮೀನ ಅದನ್ನು ಅವಳ ಬಾಗಿಲಲ್ಲಿ ಓದಿ ಹೇಳಿದಾಗ ಅವಳು ರಾಗಿ ಬೀಸುತ್ತಿದ್ದಳಂತೆ. ಕಲ್ಲು ನಿಲ್ಲಿಸಿ ಕೇಳಿ, ಹೆಬ್ಬೆರಳು ಒತ್ತಿ, ಮತ್ತೆ ಬೀಸತೊಡಗಿದಳಂತೆ. ಆ ದಿನದಿಂದ ಮಾತು ನಿಂತಿತು. ನಮ್ಮ ಕಡೆ ವ್ಯಾಜ್ಯ ನಡೆಯುವ ಮನೆಗಳ ನಡುವೆ ಬೆಂಕಿ, ನೀರು, ಮಾತು ಮೂರೂ ಓಡಾಡುವುದಿಲ್ಲ. ವ್ಯಾಜ್ಯ ತೀರುವವರೆಗೆ ಅದನ್ನು ಮುರಿಯುವವರೂ ಇಲ್ಲ.

ಕೋರ್ಟು ಒಂದು ಆಜ್ಞೆ ಮಾಡಿತು: ತೀರ್ಪಿನವರೆಗೆ ತಲಪರಿಗೆಯನ್ನೂ ಕಾಲುವೆಯನ್ನೂ ಯಾವ ಪಕ್ಷವೂ ಮಾರ್ಪಡಿಸಕೂಡದು. ಅದನ್ನು ಊರಿನಲ್ಲಿ ಓದಿದ್ದೂ ನಾನೇ. ಹೂಳು ತೆಗೆಯುವುದು ಮಾರ್ಪಾಡೋ ಅಲ್ಲವೋ ಎಂದು ಮುದ್ದಣ್ಣ ಕೇಳಿದ. ಗುದ್ದಲಿ ಹಾಕಿದರೆ ಮಾರ್ಪಾಡೇ ಎಂದು ನಾನು ಅರ್ಥ ಹೇಳಿದೆ. ಆ ಯುಗಾದಿಗೆ ಯಾರೂ ಗುಂಡಿಗೆ ಇಳಿಯಲಿಲ್ಲ. ಮರು ಯುಗಾದಿಗೂ ಇಳಿಯಲಿಲ್ಲ. ಅಂಚಿನಲ್ಲಿ ಜೊಂಡು ಎದ್ದಿತು. ಐದನೆಯ ವರ್ಷಕ್ಕೆ ಹರಿವು ಅರ್ಧವಾಯಿತು. ಆರು ಮನೆಗಳವರು ನಮ್ಮಿಬ್ಬರನ್ನೂ ಸಮನಾಗಿ ಶಪಿಸಿದರು.

ಅಕ್ಕನನ್ನು ನಾನು ಮೂರು ಕಡೆ ಕಾಣುತ್ತಿದ್ದೆ. ತಲಪರಿಗೆಯಲ್ಲಿ ಕೊಡ ಹಿಡಿದು ಬಂದವಳು ನನ್ನನ್ನು ಕಂಡರೆ ನಾನು ಹೋಗುವವರೆಗೆ ದೂರದಲ್ಲಿ ನಿಲ್ಲುವಳು. ಕೋರ್ಟಿನ ಜಗಲಿಯಲ್ಲಿ ಎದುರು ಕಂಬಕ್ಕೆ ಒರಗಿ ಕುಳಿತು, ಗಂಟು ಬಿಚ್ಚಿ, ಗಂಡನಿಗೆ ರೊಟ್ಟಿ ಕೊಡುವಳು. ಹುಚ್ಚೆಳ್ಳು ಚಟ್ನಿಯ ವಾಸನೆ ನನ್ನ ಕಂಬದವರೆಗೆ ಬರುತ್ತಿತ್ತು. ಮೂರನೆಯದಾಗಿ, ಶನಿವಾರ ಸಂಜೆ ನಾನು ಊರು ಪ್ರವೇಶಿಸುವಾಗ ಅವಳು ಬಾಗಿಲಲ್ಲಿ ನಿಂತಿರುತ್ತಿದ್ದಳು. ನಾನು ಹುಣಸೆ ಮರದ ಹತ್ತಿರ ಬರುತ್ತಲೇ ಒಳಗೆ ಹೋಗುತ್ತಿದ್ದಳು. ಬಾಗಿಲಲ್ಲಿ ನಿಲ್ಲುವುದಕ್ಕೆ ಬೇರೆ ಕಾರಣವಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಶನಿವಾರ ಕೊರಟಗೆರೆಯಿಂದ ಬೇಗ ಹೊರಡುತ್ತಿದ್ದೆ. ಅವಳ ತಲೆ ನರೆತದ್ದನ್ನು ಹಾಗೆ ದೂರದಿಂದಲೇ ನೋಡಿದೆ.

ನಾಲ್ಕನೆಯ ವರ್ಷ ಅವಳು ಸಾಕ್ಷಿ ಕಟ್ಟೆ ಹತ್ತಿದಳು. ಶಂಕರಲಿಂಗಪ್ಪನವರು ಕೋಷ್ಟಕದ ಪ್ರತಿಯನ್ನು ತೋರಿಸಿ, ನಿನ್ನ ತಮ್ಮ ಮಾಡಿದ ಈ ಲೆಕ್ಕದಲ್ಲಿ ತಪ್ಪಿದೆಯೇ ಎಂದು ಕೇಳಿದರು. ಅವಳು ಕಾಗದವನ್ನು ನೋಡದೆ, "ನನ್ ತಮ್ಮ ಲೆಕ್ಕ ತಪ್ಪಾಕಿಲ್ಲ," ಎಂದಳು. ಅವಳ ಕಡೆಯ ವಕೀಲರು ತಲೆ ಮೇಲೆ ಕೈ ಹೊತ್ತರು. ಆ ಒಂದು ವಾಕ್ಯದಿಂದ ದಾವೆ ನನ್ನ ಕಡೆಗಾಯಿತು. ನಾನು ಗೆದ್ದೆ. ಪೆದ್ದಣ್ಣ ತುಮಕೂರಿಗೆ ಅಪೀಲು ಹೋದ; ಅಲ್ಲಿಂದ ಮರುವಿಚಾರಣೆಗೆ ಮತ್ತೆ ಮಧುಗಿರಿಗೇ ಬಂತು.

ಐದನೆಯ ವರ್ಷ ಅವಳ ಮಗಳು ಜಯಕ್ಕನ ಮದುವೆಯಾಯಿತು. ಸೋದರಮಾವ ನಿಲ್ಲಬೇಕಾದ ಜಾಗದಲ್ಲಿ ಪಾವಗಡದ ಕಡೆಯ ಯಾರೋ ನಿಂತರು. ವಾಲಗದ ಸದ್ದು ಹುಣಸೆ ಮರದಾಚೆಯಿಂದ ಬರುತ್ತಿತ್ತು. ನಾನು ನಮ್ಮ ಜಗಲಿಯ ಮೇಲೆ, ಒಗೆದ ಪಂಚೆ ಉಟ್ಟು, ಮಧ್ಯಾಹ್ನದವರೆಗೆ ಕುಳಿತಿದ್ದೆ. ಯಾರಾದರೂ ಕರೆಯಲು ಬಂದರೆ ಎದ್ದು ಹೋಗಬಹುದು ಎಂದು. ಯಾರೂ ಬರಲಿಲ್ಲ. ಕರೆಯಬೇಕಾದ ಕಾರಣವೂ ಅವರಿಗಿರಲಿಲ್ಲ.

ಒಂಬತ್ತನೆಯ ವರ್ಷ ಬೇಸಗೆಗೆ ಮುಂಚೆ, ಎಂದಿನಂತೆ, ಶಿರಾದ ಹಿದಾಯತುಲ್ಲಾ ಸಾಬರು ಪಾತ್ರೆಗಳಿಗೆ ಕಲಾಯಿ ಹಾಕಲು ಬಂದರು. ವರ್ಷಕ್ಕೆ ಹದಿನೈದು ದಿನ ನಮ್ಮ ಊರಿನ ಬೇವಿನ ಮರದಡಿ ಅವರ ಒಲೆ ಉರಿಯುತ್ತಿತ್ತು. ಊರಿನ ಎಲ್ಲ ಅಡುಗೆಮನೆಗಳ ಪಾತ್ರೆ ಕಂಡವರು. ಯಾವ ಮನೆಯ ಮಾತನ್ನೂ ಇನ್ನೊಂದು ಮನೆಗೆ ಒಯ್ದವರಲ್ಲ. ಶಿರಾ ಪೇಟೆಯಲ್ಲಿ ಅವರನ್ನು ಪಂಚಾಯ್ತಿಗೆ ಕರೆಯುತ್ತಿದ್ದರೆಂದು ಮುದ್ದಣ್ಣನಿಗೆ ತಿಳಿದಿತ್ತು. ಆರು ಮನೆಯವರು ಹೋಗಿ ಕೇಳಿಕೊಂಡರು. ಸಾಬರು ಮೊದಲು ಒಪ್ಪಲಿಲ್ಲ. ಆಮೇಲೆ, ಇಬ್ಬರೂ ಬಂದು ಕೇಳಿದರೆ ಕೂರುತ್ತೇನೆ ಎಂದರು.

ನಾನು ಹೋದೆ. ಪೆದ್ದಣ್ಣ ಆಗಲೇ ಬಂದು ನಿಂತಿದ್ದ. ನಾನು ಮಾತು ಆರಂಭಿಸುವಷ್ಟರಲ್ಲಿ ಸಾಬರು ಕೈ ಎತ್ತಿದರು.

"ತಕರಾರು ಆಮ್ಯಾಕೆ ಮೇಷ್ಟ್ರೇ. ಮೊದ್ಲು ನೀರು ನೋಡಿ ಬಂದೆ. ಹೂಳು ತುಂಬೈತೆ. ನೀರೇ ಇಲ್ದ ಮ್ಯಾಲೆ ಯಾತರ ಹಿಸ್ಸೆ ಮಾಡಾಣ? ತೆಗೀರಿ. ತೆಗೆದಾದ ದಿನ ಅಲ್ಲೇ ಕುಂತು ಮಾತಾಡಾಣ."

ಕೋರ್ಟಿನ ಆಜ್ಞೆಯಿದೆ ಎಂದೆ. ಬರೆದವರನ್ನೇ ಕೇಳಿ ಎಂದರು.

ನಾನೂ ಪೆದ್ದಣ್ಣನೂ ಒಂದೇ ಕಾಗದಕ್ಕೆ ರುಜು, ಹೆಬ್ಬೆಟ್ಟು ಹಾಕಿ ಮಧುಗಿರಿಗೆ ಒಯ್ದೆವು. ಮುನ್ಸೀಫರು ಹೊಸಬರು. ಕಾಗದವನ್ನು ಎರಡು ಸಲ ಓದಿ, ಹೂಳು ತೆಗೆಯಬಾರದೆಂದು ಈ ಆಜ್ಞೆಯಲ್ಲಿ ಎಲ್ಲಿದೆ ಎಂದು ಕೇಳಿದರು. ಎಲ್ಲಿಯೂ ಇರಲಿಲ್ಲ. ಒಂಬತ್ತು ವರ್ಷದಲ್ಲಿ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ನಾನು ಹೇಳಿದ ಅರ್ಥವನ್ನೇ ಊರು ನಂಬಿತ್ತು. ಅವರು ಇನ್ನೂ ಒಂದು ಮಾತು ಹೇಳಿದರು: ಇಷ್ಟಕ್ಕೆ ಒಮ್ಮತದಿಂದ ಬಂದಿದ್ದೀರಿ, ಉಳಿದದ್ದಕ್ಕೂ ಹಾಗೆಯೇ ಬಂದರೆ ನಾನು ತೀರ್ಪು ಬರೆಯುವ ಅಗತ್ಯವಿಲ್ಲ, ರಾಜಿಯನ್ನೇ ಡಿಕ್ರಿ ಮಾಡುತ್ತೇನೆ. ಹಿಂದಿರುಗುವ ದಾರಿಯಲ್ಲಿ ಪೆದ್ದಣ್ಣ ಮುಂದೆ, ನಾನು ಹಿಂದೆ, ಹನ್ನೆರಡು ಮಾರಿನ ಅಂತರದಲ್ಲಿ ನಡೆದೆವು.

ಹೂಳು ತೆಗೆಯುವಾಗ ಮಂಕರಿ ಸಾಗಿಸುವವರು ನೀರಿನ ಸರದಿಯ ಕ್ರಮದಲ್ಲೇ ಸಾಲಾಗಿ ನಿಲ್ಲಬೇಕು. ಗುಂಡಿಯ ತಳದಲ್ಲಿ ಮೊದಲ ಮನೆ, ದಂಡೆಯ ಮೇಲೆ ಕೊನೆಯ ಮನೆ. ಇದು ನಮ್ಮ ಊರಿನ ಕಟ್ಟಳೆ. ಯಾರು ಯಾರ ನಂತರ ಎಂಬುದು ಓದು ಬಾರದವರಿಗೂ ಮರೆಯದಿರಲೆಂದು ಮಾಡಿದ್ದು. ಹಳೆಯ ಹದಿನೈದರಲ್ಲಿ ನಮ್ಮ ಮನೆಯೇ ಕೊನೆ. ಈಗ ನನ್ನ ನಂತರ ಹದಿನಾರನೆಯ ಸರದಿಯವರು. ನನ್ನ ಹೆಂಡತಿಗೆ ಮೈ ಸರಿಯಿರಲಿಲ್ಲ. ಆಳು ಅಗೆಯಲು ಇಳಿದ. ಮಂಕರಿಗೆ ನಾನೇ ನಿಂತೆ. ಶಾಲೆಗೆ ಹತ್ತು ದಿನ ರಜೆ ಬರೆದಿದ್ದೆ. ಪೆದ್ದಣ್ಣ ಗುದ್ದಲಿ ಹಿಡಿದು ಇಳಿದ. ಅಕ್ಕ ಸೆರಗು ಸೊಂಟಕ್ಕೆ ಬಿಗಿದು ದಂಡೆಯ ಅಂಚಿನಲ್ಲಿ, ನನಗಿಂತ ಎರಡು ಮೆಟ್ಟಿಲು ಮೇಲೆ, ಬಂದು ನಿಂತಳು.

ಮುದ್ದಣ್ಣನ ಕೈಯಿಂದ ನನ್ನ ಕೈಗೆ, ನನ್ನ ಕೈಯಿಂದ ಅವಳ ಕೈಗೆ. ಮೊದಲ ಮಂಕರಿ ಎತ್ತಿ ಕೊಟ್ಟಾಗ ಅವಳು ಮಂಕರಿಯನ್ನೇ ನೋಡಿದಳು. ನಾನು ಅವಳ ಕೈಗಳನ್ನು ನೋಡಿದೆ. ಬೆರಳ ಗಂಟುಗಳು ದಪ್ಪವಾಗಿದ್ದವು. ಮೊದಲ ದಿನ ನೂರ ಎಂಬತ್ತು ಮಂಕರಿಗಳು ಹೀಗೆ ಹೋದವು. ಎರಡನೆಯ ದಿನ ಇನ್ನೂರ ಹತ್ತು. ಕೆಳಗೆ ಪೆದ್ದಣ್ಣ ಆಳುಗಳನ್ನು ನಗಿಸುತ್ತಿದ್ದ, ಜೊಂಡಿನ ಬೇರನ್ನು ಅಮೀನನ ಮೀಸೆಗೆ ಹೋಲಿಸುತ್ತಿದ್ದ. ಮೇಲೆ ನಮ್ಮಿಬ್ಬರ ನಡುವೆ ಕೆಸರು ತೊಟ್ಟಿಕ್ಕುವ ಸದ್ದು ಮಾತ್ರ. ರಾತ್ರಿ ಭುಜ ನೋಯುತ್ತಿತ್ತು. ಆದರೂ ಬೆಳಗಾಗುವುದನ್ನೇ ಕಾಯುತ್ತಿದ್ದೆ.

ನಾಲ್ಕನೆಯ ದಿನ ಮಧ್ಯಾಹ್ನ ಅವಳು ಮಂಕರಿ ಹಿಡಿದು ಒಂದು ಕ್ಷಣ ತಡೆದಳು.

"ಇಷ್ಟು ತುಂಬಬ್ಯಾಡ," ಎಂದಳು.

ಒಂಬತ್ತು ವರ್ಷದ ಮೇಲೆ ಕೇಳಿದ ಮೊದಲ ಮಾತು ಅದು. ಮಂಕರಿ ತುಂಬುವವನು ನಾನಲ್ಲ, ಕೆಳಗಿನ ಆಳುಗಳು. ಅದು ಅವಳಿಗೂ ಗೊತ್ತಿತ್ತು. ನಾನು ಸರಿ ಎಂದೆ. ಆಮೇಲೆ ಪ್ರತಿ ಮಂಕರಿಯಿಂದಲೂ ಎರಡು ಬೊಗಸೆ ಕೆಸರು ತೆಗೆದು ಮೆಟ್ಟಿಲ ಪಕ್ಕಕ್ಕೆ ಹಾಕಿ ಕೊಡುತ್ತಾ ಹೋದೆ. ಸಂಜೆ ಆ ರಾಶಿಯನ್ನು ನಾನೊಬ್ಬನೇ ಹೊತ್ತು ಹಾಕಿದೆ.

ಒಂಬತ್ತನೆಯ ದಿನ ಬೆಳಿಗ್ಗೆ ಪೆದ್ದಣ್ಣನ ಗುದ್ದಲಿಯಡಿ ಬಿಳಿಯ ಮರಳು ಸಿಕ್ಕಿತು. ನೀರು ಅವನ ಕಣಕಾಲಿನವರೆಗೆ ಬಂದು, ನಿಧಾನವಾಗಿ ಮೊಳಕಾಲಿಗೆ ಏರಿತು. ಕೈಕಾಲು ತೊಳೆದು ಎಲ್ಲರೂ ದಂಡೆಯ ಮೇಲೆ ಕುಳಿತೆವು. ಹಿದಾಯತುಲ್ಲಾ ಸಾಬರು ಒಲೆ ಆರಿಸಿ ಬಂದರು. ಯಾರು ಮಡೆ ಒಡೆದರು, ಯಾರು ದಾವೆ ಹಾಕಿದರು ಎಂದು ಅವರು ಕೇಳಲಿಲ್ಲ.

"ನಂಗೆ ಓದಾಕೆ ಬರಾಕಿಲ್ಲ ಮೇಷ್ಟ್ರೇ. ನಿಮ್ ಗ್ವಾಡೆ ಲೆಕ್ಕಾನ ಕಲ್ಲಿಟ್ಟು ತೋರಿಸ್ರಿ. ಹಗಲಿಗೆ ಬಿಳೀದು, ಇರುಳಿಗೆ ಕರೀದು."

ಹೂಳಿನ ರಾಶಿಯಲ್ಲಿ ಎರಡು ಬಣ್ಣದ ಕಲ್ಲೂ ಬೇಕಾದಷ್ಟು ಇದ್ದವು. ಆರು ಮನೆಗಳಿಗೆ ಎರಡೆರಡು, ಒಂದು ಕರಿದು ಒಂದು ಬಿಳಿದು. ನಮ್ಮದು ಮೂರು: ಕರಿದು, ಬಿಳಿದು, ಕರಿದು. ಅಕ್ಕನದು ಬಿಳಿದು. ಹದಿನಾರು. ಅದರ ಕೆಳಗೆ ಎರಡನೆಯ ಸುತ್ತು ಇಟ್ಟೆ. ಅದರ ಕೆಳಗೆ ಮೂರನೆಯದು. ಸಾಬರು ನೋಡಿ, ನಿಮ್ಮ ಅಪ್ಪನ ಕಾಲದ ಹದಿನೈದನ್ನೂ ಇಡಿ ಎಂದರು. ಪಕ್ಕದಲ್ಲಿ ಅದನ್ನೂ ಇಟ್ಟೆ. ಮೊದಲ ಸುತ್ತು ಕರಿದರಿಂದ ಆರಂಭವಾಗಿ ಕರಿದರಲ್ಲಿ ಮುಗಿಯಿತು. ಆದ್ದರಿಂದ ಎರಡನೆಯದು ಬಿಳಿದರಿಂದ ಆರಂಭವಾಗಬೇಕು. ಇಡುತ್ತಾ ಹೋದೆ. ನಮ್ಮ ಮೂರಕ್ಕೆ ಬರುವಾಗ ಬಿಳಿದು, ಕರಿದು, ಬಿಳಿದು ಬಂತು. ನನ್ನ ಕೈ ನಿಂತಿತು.

ಹದಿನೈದು ಬೆಸ ಸಂಖ್ಯೆ. ಬೆಸವಾದ್ದರಿಂದಲೇ ಪ್ರತಿ ಸುತ್ತಿನಲ್ಲಿ ಹಗಲು ಇರುಳಾಗಿ, ಇರುಳು ಹಗಲಾಗಿ ಬದಲಾಗುತ್ತಿತ್ತು. ನಾನು ಅಜ್ಞಾನವೆಂದು ತಿಳಿದಿದ್ದ ಆ ಅರ್ಧ ದಿನದಲ್ಲಿ ಹಿರಿಯರು ಇಟ್ಟಿದ್ದ ನ್ಯಾಯ ಅದು. ಹಗಲಿನಲ್ಲಿ ಊರಿನ ಕೊಡಗಳೆಲ್ಲ ತಲಪರಿಗೆಗೆ ಬರುತ್ತವೆ; ದನ ಕುಡಿಯುತ್ತವೆ; ಕಾದ ಮರಳು ಕಾಲುವೆಯ ನೀರನ್ನು ಹೀರುತ್ತದೆ. ಇರುಳಿನ ನೀರು ಹಾಗೇ ಹರಿದು ತುದಿ ಮುಟ್ಟುತ್ತದೆ. ನಾನು ಹದಿನಾರು ಮಾಡಿದೆ. ಸಮ ಸಂಖ್ಯೆ. ಎರಡು ಸರದಿಯಿರುವ ಮನೆಗಳಿಗೆ ಒಂದು ಹಗಲು ಒಂದು ಇರುಳು ಎಂದಿನಂತೆ ಸಿಕ್ಕಿದವು; ಅವರಿಗೆ ವ್ಯತ್ಯಾಸ ತಿಳಿಯಲಿಲ್ಲ. ನನಗೆ ಪ್ರತಿ ಸುತ್ತಿನಲ್ಲೂ ಎರಡು ಇರುಳು. ಕಾಲುವೆಯ ತುದಿಯಲ್ಲಿದ್ದ ಅಕ್ಕನಿಗೆ, ಎಂದೆಂದಿಗೂ, ಹಗಲು.

ನಾನು ತಲೆ ಎತ್ತಿದೆ. ಮುದ್ದಣ್ಣ ಎಲೆಗೆ ಸುಣ್ಣ ಸವರುತ್ತಿದ್ದ. ಪೆದ್ದಣ್ಣ ನೀರನ್ನು ನೋಡುತ್ತಿದ್ದ. ಕಲ್ಲಿನ ಸಾಲು ಅವರಿಗೆ ಏನನ್ನೂ ಹೇಳಿರಲಿಲ್ಲ. ಎರಡೂ ಒಂದೇ ಎಂದು ನಾನು ಕಲ್ಲುಗಳನ್ನು ಬಾಚಿಬಿಟ್ಟಿದ್ದರೆ ಸಾಬರು ಬೇರೆ ಯಾವುದಾದರೂ ಹಂಚಿಕೆ ಮಾಡಿ ಏಳುತ್ತಿದ್ದರು. ನನ್ನ ಕೋಷ್ಟಕ ಗೋಡೆಯ ಮೇಲೆ ಉಳಿಯುತ್ತಿತ್ತು. ಇಪ್ಪತ್ತೇಳು ವರ್ಷ ಲೆಕ್ಕ ಕಲಿಸಿದವನು ನಾನು. ಕುಳಿತವರಲ್ಲಿ ಮೂವರು ನನ್ನ ಶಿಷ್ಯರು. ಅಕ್ಕ ಖಾಲಿ ಮಂಕರಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಅವಳು ಕಲ್ಲುಗಳನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು.

"ಲೆಕ್ಕ ತಪ್ಪಿದೆ," ಎಂದೆ. "ತಪ್ಪಿದವನು ನಾನು. ಅಕ್ಕನಿಗೆ ಒಂದು ಸಲವೂ ಇರುಳ ನೀರು ಸಿಕ್ಕಿಲ್ಲ. ಅಪ್ಪ ನನ್ನದರಲ್ಲಿ ಒಂದು ಕೊಡು ಎಂದಿದ್ದರು. ನಾನು ಎಲ್ಲರದರಲ್ಲಿ ಕೊಟ್ಟೆ, ನನ್ನದು ಉಳಿಸಿಕೊಂಡೆ."

ಆಮೇಲೆ ಕಲ್ಲಿನ ಮೇಲೆ ಬೆರಳಿಟ್ಟು ಎಲ್ಲರಿಗೂ ವಿವರಿಸಿದೆ. ಮೊದಲು ಮಾತನಾಡಿದವನು ಪೆದ್ದಣ್ಣ. ಒಂಬತ್ತು ವರ್ಷ ಎನ್ನಲೂ ಭಾವಮೈದ ಎನ್ನಲೂ ಅವನು ತನ್ನ ಸೀಮೆಯ ಮಾತನ್ನೇ ಬಳಸಿದ.

"ತೊಮ್ಮಿದಿ ಏಂಡ್ಲು ಕೋರ್ಟಿಗೆ ತಿರುಗಿದ್ವಿ ಬಾಮರ್ದಿ. ಈ ಕಲ್ಲು ಇಲ್ಲೇ ಬಿದ್ದಿದ್ವಲ್ಲಯ್ಯಾ."

ಮುದ್ದಣ್ಣ ನಕ್ಕ. ಅವನ ಹಿಂದೆ ಉಳಿದವರೂ ನಕ್ಕರು. ಈ ಸಲ ನನಗೆ ಆ ನಗು ಚುಚ್ಚಲಿಲ್ಲ. ಮಡೆ ಒಡೆದದ್ದು ತನ್ನ ತಪ್ಪೆಂದು ಪೆದ್ದಣ್ಣ ತಾನಾಗಿ ಹೇಳಿದ. ಯಾರೂ ಅದನ್ನು ಕೇಳಿರಲಿಲ್ಲ. ನನ್ನ ಮೂರರಲ್ಲಿ ಒಂದು ಅಕ್ಕನಿಗೆ, ಸುತ್ತು ಮತ್ತೆ ಹದಿನೈದಕ್ಕೆ, ಅಕ್ಕನ ಮೊದಲ ಸರದಿ ಇರುಳಿನದು ಎಂದು ತೀರ್ಮಾನವಾಯಿತು. ಒಣಗಿದ ಬೆಳೆಗಳ ಮಾತು ಬಂದಾಗ ಪೆದ್ದಣ್ಣ ಕೈ ಬೀಸಿ ಅದನ್ನು ಬಿಡಿಸಿದ. ಸಾಬರು ಎದ್ದು, ಚಿಕ್ಕಕ್ಕನ ಹಂಡೆಗೆ ಇನ್ನೂ ಕಲಾಯಿ ಆಗಿಲ್ಲವೆಂದು ಹೇಳಿ ಬೇವಿನ ಮರದ ಕಡೆಗೆ ಹೋದರು.

ರಾಜಿ ಕಾಗದವನ್ನು ನಾನೇ ಬರೆದೆ. ಅದಕ್ಕೆ ಅಕ್ಕನ ಹೆಬ್ಬೆಟ್ಟು ಕೋರ್ಟಿನಲ್ಲೇ ಬೇಕಾಗಿತ್ತು. ಮುದ್ದಣ್ಣನ ಗಾಡಿ ಕಟ್ಟಿಸಿಕೊಂಡು ಮೂವರೂ ಮಧುಗಿರಿಗೆ ಹೋದೆವು. ಶಂಕರಲಿಂಗಪ್ಪನವರು ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿದರು. ಮುನ್ಸೀಫರು ರುಜು ಮಾಡಲು ಹಿಡಿದ ಹೊತ್ತು ಕಾಲು ಗಂಟೆಗೂ ಕಡಿಮೆ.

ಹಿಂದಿರುಗುವಾಗ ಪೆದ್ದಣ್ಣ ಗಾಡಿಯ ಮುಂದೆ, ಮೂಕಿಯ ಹತ್ತಿರ ಕುಳಿತು ಎತ್ತುಗಳೊಡನೆ ತೆಲುಗಿನಲ್ಲಿ ಮಾತನಾಡುತ್ತಿದ್ದ. ಅಕ್ಕ ನನ್ನ ಎದುರು ಕುಳಿತಿದ್ದಳು. ಹೆಬ್ಬೆರಳಿನ ಮಸಿಯನ್ನು ಹುಲ್ಲಿಗೆ ಒರೆಸುತ್ತಿದ್ದಳು.

"ನಂಗೆ ಗೊತ್ತಿತ್ತು ಕಣ್ಲಾ," ಎಂದಳು.

ಏನು ಎಂದೆ.

"ಹಗಲು ನೀರೇ ಬರ್ತೈತೆ ಅಂತ. ಮೊದ್ಲನೇ ವರ್ಸವೇ. ದಿನಾ ಕೊಡ ಹೊರೋಳ್ಗೆ ಗೊತ್ತಾಗಾಕಿಲ್ವ?"

ಹಾಗಾದರೆ ಕಟ್ಟೆ ಹತ್ತಿದಾಗ ಲೆಕ್ಕ ತಪ್ಪಿಲ್ಲ ಎಂದು ಏಕೆ ಹೇಳಿದೆ ಎಂದು ಕೇಳಿದೆ.

"ಕೇಳ್ದೋನು ನಿನ್ ವಕೀಲ. ಅಷ್ಟು ಜನದ ಮುಂದೆ ಮೇಷ್ಟ್ರಿಗೆ ಲೆಕ್ಕ ಬರಾಕಿಲ್ಲ ಅಂತ ನಾನೇಳ್ಲಾ? ನೀನ್ ಕೇಳಿದ್ರೆ ಹೇಳ್ತಿದ್ದೆ. ವಾರ ವಾರ ಬಾಗ್ಲಾಗ್ ನಿಂತಿದ್ದೆ. ನೀನ್ ಬಂದೇ ಇಲ್ಲ, ಬುಡು."

ಅವಳು ಬಿಟ್ಟಳು. ಅದರ ಮೇಲೆ ಆ ಮಾತನ್ನು ಎಂದೂ ಎತ್ತಲಿಲ್ಲ. ನನಗೆ ಬಿಡಲು ಬರಲಿಲ್ಲ. ಒಂಬತ್ತು ವರ್ಷವೆಂದರೆ ನಾನೂರ ಅರವತ್ತೆಂಟು ಶನಿವಾರ. ಪ್ರತಿ ಶನಿವಾರವೂ ಆ ಬಾಗಿಲು ತೆರೆದೇ ಇತ್ತು. ಹುಣಸೆ ಮರದಿಂದ ಅಲ್ಲಿಗೆ ಇಪ್ಪತ್ತು ಹೆಜ್ಜೆ.

ನಾಲ್ಕು ದಿನದ ನಂತರ ಅವಳ ಸರದಿ ಬಂತು. ಸಂಜೆ ಬಾ ಎಂದು ಹೇಳಿ ಕಳಿಸಿದ್ದಳು. ನಾನು ಹೋದಾಗ ಸಿದ್ದರಬೆಟ್ಟದ ಕಡೆ ಆಕಾಶ ಕೆಂಪಾಗಿತ್ತು. ಸೂರ್ಯ ಮುಳುಗುತ್ತಲೇ ಪೆದ್ದಣ್ಣ ಮಡೆ ಕಿತ್ತು, ಕಾಲುವೆಯ ಏರಿ ಎಲ್ಲಾದರೂ ಒಡೆದಿದೆಯೋ ಎಂದು ನೋಡಲು ಮೇಲ್ಗಡೆ ನಿಂತ. ನೀರು ಒಣ ಎಲೆಗಳನ್ನೂ ನೊರೆಯನ್ನೂ ಮುಂದೆ ತಳ್ಳಿಕೊಂಡು ಹೊರಟಿತು. ಅಕ್ಕನೂ ನಾನೂ ಅದರ ಪಕ್ಕದಲ್ಲಿ, ಅದು ನಡೆದಷ್ಟೇ ನಡೆದೆವು.

ಅವಳು ಮಾತನಾಡಿದಳು. ಜಯಕ್ಕನಿಗೆ ಪಾವಗಡದಲ್ಲಿ ಗಂಡು ಮಗುವಾಗಿದೆ, ಕಿವಿ ನಮ್ಮ ಅಪ್ಪನದೇ. ಮದುವೆಯ ದಿನ ಅಡುಗೆಗೆ ಉಪ್ಪು ಹೆಚ್ಚಾಗಿತ್ತು. ಕೆಂದ ಹಸು ಸತ್ತ ವರ್ಷ ಪೆದ್ದಣ್ಣ ಎರಡು ದಿನ ಉಂಡಿರಲಿಲ್ಲ. ಮೂರನೆಯ ವರ್ಷ ಅವಳಿಗೆ ಮಲೇರಿಯಾ ಬಂದಿತ್ತು. ಅದು ನನಗೆ ತಿಳಿದಿರಲಿಲ್ಲ. ಆಮೇಲೆ ಮೊದಲಿನಿಂದ ವರ್ಷಗಳನ್ನು ಒಂದೊಂದಾಗಿ, ಕ್ರಮ ತಪ್ಪದೆ, ಹೇಳುತ್ತಾ ಬಂದಳು. ಒಣ ನೆಲ ಸಿಕ್ಕಲ್ಲಿ ನೀರು ನಿಂತು, ಕುಡಿದು, ಮತ್ತೆ ಹೊರಡುತ್ತಿತ್ತು. ನಾವೂ ನಿಂತು ಹೊರಡುತ್ತಿದ್ದೆವು. ಆರನೆಯ ವರ್ಷಕ್ಕೆ ಬರುವಷ್ಟರಲ್ಲಿ ನೀರು ಅವಳ ಹೊಲ ಹೊಕ್ಕಿತು. ಸಾಲಿನಿಂದ ಸಾಲಿಗೆ ತಿರುಗಿ, ಹನ್ನೆರಡು ವರ್ಷದಲ್ಲಿ ಮೊದಲ ಸಲ, ಕೊನೆಯ ಬದುವನ್ನು ಮುಟ್ಟಿತು.

"ಬಂತು," ಎಂದಳು ಅಕ್ಕ. ಮಾತು ನಿಲ್ಲಿಸಿ, ಒಲೆ ಹಚ್ಚಬೇಕೆಂದು, ಸೆರಗು ಕೊಡವಿ ಮನೆಯ ಕಡೆ ತಿರುಗಿದಳು.

ಏಳನೆಯ ವರ್ಷದಿಂದ ಮುಂದಿನದನ್ನು ಅವಳು ಇನ್ನೂ ಹೇಳಿರಲಿಲ್ಲ. ಹೊಲ ಅಲ್ಲಿಗೆ ಮುಗಿದಿತ್ತು. ಇನ್ನೂ ಹತ್ತು ಸಾಲು ಇರಬಾರದಿತ್ತೇ ಎಂದುಕೊಂಡು ನಾನು ಬದುವಿನ ಮೇಲೆ, ನೀರಿನ ಬಳಿ, ಸ್ವಲ್ಪ ಹೊತ್ತು ನಿಂತೆ.